ಪಾಲಾಗದ ರಕ್ತ

1906ರಿಂದ 1908ರವರೆಗೆ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್ ಬ್ರೌನ್ ಅಂಡಮಾನ್ ದ್ವೀಪಗಳಲ್ಲಿದ್ದ. ಅಲ್ಲಿಯ ಜನರ ಮದುವೆ, ಸಾವು, ಕುಣಿತ, ಅಳು, ಕಥೆ ಎಲ್ಲವನ್ನೂ ಬರೆದುಕೊಂಡ. ಆ ಟಿಪ್ಪಣಿಗಳಿಂದ ಹುಟ್ಟಿದ ಪುಸ್ತಕ 1922ರಲ್ಲಿ ಬಂತು, ಇಂದಿಗೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಟಿಪ್ಪಣಿಗಳ ಜೊತೆಗೆ ಅವನು ಅಲ್ಲಿಯವರ ತಲೆಗೂದಲನ್ನೂ ಸಂಗ್ರಹಿಸಿದ್ದ. ಅದು ಕೇಂಬ್ರಿಜ್‌ನ ಸಂಗ್ರಹವೊಂದರಲ್ಲಿ ಹೆಚ್ಚುಕಡಿಮೆ ನೂರು ವರ್ಷ ಇತ್ತು. 2003ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ವಿದೇಶಿ ಸಹೋದ್ಯೋಗಿಗಳ ಜೊತೆ ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಕೂದಲಿನೊಳಗಿನ ಡಿಎನ್ಎ ಮಾತನಾಡಿತು. ಕೂದಲು ಕೊಟ್ಟವರ ಕಾಲದಲ್ಲಿ ಡಿಎನ್ಎ ಅಂದರೇನೆಂದು ಅವರಿಗೂ ಗೊತ್ತಿರಲಿಲ್ಲ, ಅದನ್ನು ಪಡೆದವನಿಗೂ ಗೊತ್ತಿರಲಿಲ್ಲ. ಅದರ ರಚನೆ ಜಗತ್ತಿಗೆ ತಿಳಿದದ್ದೇ 1953ರಲ್ಲಿ.

ಹಾಗಿದ್ದರೆ ಅವರು ಕೊಟ್ಟದ್ದು ಏನನ್ನು? ಒಂದು ಹಿಡಿ ಕೂದಲನ್ನು ಮಾತ್ರವೋ, ಅದರೊಳಗೆ ಮಡಚಿಟ್ಟಿದ್ದ ತಾಯಿ, ಅಜ್ಜಿ, ಮುತ್ತಜ್ಜಿಯರ ಸಾಲನ್ನೂ ಸೇರಿಸಿಯೋ? ಕೂದಲು ಕೊಟ್ಟವರ ಒಪ್ಪಿಗೆ ಅವರ ಮೊಮ್ಮಕ್ಕಳ ಪರವಾಗಿಯೂ ನಡೆಯುತ್ತದೆಯೇ? ದ್ವೀಪವಾಸಿಗಳ ವಂಶವಾಹಿಯ ಅಧ್ಯಯನ ಕಳೆದ ಮೂವತ್ತು ವರ್ಷಗಳಲ್ಲಿ ಮನುಷ್ಯನ ಇತಿಹಾಸದ ಬಗ್ಗೆ ಎಷ್ಟೋ ಹೊಸ ಸಂಗತಿಗಳನ್ನು ಕೊಟ್ಟಿದೆ. ಆ ಸಂಗತಿಗಳನ್ನು ಓದುವಾಗ ಆಗುವ ಬೆರಗಿನ ನಡುವೆ ಈ ಪ್ರಶ್ನೆ ಸುಮ್ಮನೆ ಕೂತಿರುತ್ತದೆ. ಅದನ್ನು ಎತ್ತಿಕೊಳ್ಳುವ ಮೊದಲು ವಂಶವಾಹಿ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂದು ನೋಡಬೇಕು.

ತಳಿವಿಜ್ಞಾನಿಗಳಿಗೆ ದ್ವೀಪಗಳೆಂದರೆ ಏಕೆ ಇಷ್ಟು ಆಸೆ? ಶಾಂತಸಾಗರದ ಪಿಂಗೆಲಾಪ್ ಎಂಬ ಪುಟ್ಟ ಹವಳದ ದ್ವೀಪವನ್ನು ನೋಡಿ. ಸುಮಾರು 1775ರಲ್ಲಿ ಅಲ್ಲಿಗೆ ಚಂಡಮಾರುತ ಬಡಿಯಿತು. ಗಾಳಿ, ಅದರ ಬೆನ್ನಿಗೆ ಬಂದ ಬರಗಾಲ ಎರಡನ್ನೂ ದಾಟಿ ಉಳಿದವರು ಇಪ್ಪತ್ತರಷ್ಟು ಮಂದಿ. ಅವರಲ್ಲಿ ಒಬ್ಬರ ವಂಶವಾಹಿಯಲ್ಲಿ ಬಣ್ಣ ಕಾಣುವ ಶಕ್ತಿಯನ್ನು ಕೆಡಿಸುವ ಒಂದು ಬದಲಾವಣೆ ಇತ್ತು. ಅದನ್ನು ಹೊತ್ತಿದ್ದವನು ಅಲ್ಲಿಯ ಅರಸನೇ ಎಂದು ಹೇಳುತ್ತಾರೆ. ಇಂದು ಆ ಸಮುದಾಯದ ನೂರರಲ್ಲಿ ಐದರಿಂದ ಹತ್ತು ಮಂದಿ ಯಾವ ಬಣ್ಣವನ್ನೂ ಕಾಣರು, ಹಗಲಿನ ಬೆಳಕು ಅವರ ಕಣ್ಣು ಕುಕ್ಕುತ್ತದೆ. ಬೇರೆಡೆ ಇದು ಮೂವತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣುವ ಸ್ಥಿತಿ. ಇದರಲ್ಲಿ ಶಾಪವೂ ಇಲ್ಲ, ಜನಾಂಗದ ಗುಣವೂ ಇಲ್ಲ. ಬದುಕಿ ಉಳಿದವರು ಕೆಲವೇ ಮಂದಿ, ಅವರಲ್ಲಿ ಇವನೂ ಇದ್ದ, ಅಷ್ಟೇ. ಸಣ್ಣ ಬೋಗುಣಿಯಲ್ಲಿ ಒಂದು ಹನಿ ಶಾಯಿ ಬಿದ್ದರೆ ನೀರೆಲ್ಲ ನೀಲಿ. ಅದೇ ಹನಿ ಕೆರೆಗೆ ಬಿದ್ದರೆ ಗೊತ್ತೇ ಆಗುವುದಿಲ್ಲ. ದ್ವೀಪಗಳು ಬೋಗುಣಿಗಳು, ಆದ್ದರಿಂದ ಅಲ್ಲಿ ಹನಿಗಳು ಕಾಣುತ್ತವೆ.

ಕಾಣುವುದು ಸುಲಭವಾದ ಕಡೆ ತಪ್ಪಾಗಿ ಕಾಣುವುದೂ ಸುಲಭ. ಸಾಲೊಮನ್ ದ್ವೀಪಗಳ ಜನರ ಚರ್ಮ ಕಡುಗಪ್ಪು, ಆದರೆ ಅವರಲ್ಲಿ ಹತ್ತಿಪ್ಪತ್ತಕ್ಕೆ ಒಬ್ಬರಿಗೆ ಹೊಂಬಣ್ಣದ ಕೂದಲು. ಹಿಂದೆ ಅಲ್ಲಿಗೆ ಬಂದ ಯುರೋಪಿನ ನಾವಿಕರ ಬೆರಕೆ ಇದು ಎಂದು ಹೊರಗಿನವರು ಸಲೀಸಾಗಿ ಊಹಿಸುತ್ತಿದ್ದರು. ಬಿಸಿಲು, ಉಪ್ಪುನೀರು, ಮೀನಿನ ಊಟ ಕಾರಣ ಎಂದವರೂ ಇದ್ದರು. 2012ರಲ್ಲಿ ಉತ್ತರ ಸಿಕ್ಕಿತು. ಒಂದೇ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ, ಅದು ಯುರೋಪಿಯನ್ನರಲ್ಲಿ ಇಲ್ಲವೇ ಇಲ್ಲ. ಅದೇ ಬಣ್ಣ ಭೂಮಿಯ ಎರಡು ಮೂಲೆಗಳಲ್ಲಿ ಬೇರೆ ಬೇರೆ ದಾರಿಯಿಂದ ಬಂದಿತ್ತು. ಕಣ್ಣಿಗೆ ಹೊಡೆಯುವ ಲಕ್ಷಣದಿಂದ ನಂಟಸ್ತಿಕೆ ಹೇಳುವ ನಮ್ಮ ಹಳೆಯ ಚಾಳಿಗೆ ಇಷ್ಟು ಚೊಕ್ಕವಾದ ಮರುಮಾತು ಬೇರೆಲ್ಲೂ ಸಿಗಲಾರದು. 1972ರಲ್ಲಿ ರಿಚರ್ಡ್ ಲೆವೊಂಟಿನ್ ತೋರಿಸಿದ ಲೆಕ್ಕವೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಮನುಷ್ಯರ ನಡುವಿನ ತಳಿವ್ಯತ್ಯಾಸದಲ್ಲಿ ನೂರಕ್ಕೆ ಎಂಬತ್ತೈದರಷ್ಟು ಒಂದೇ ಸಮುದಾಯದ ಒಳಗೇ ಇರುತ್ತದೆ. ಸಮುದಾಯ ಸಮುದಾಯಗಳ ನಡುವೆ ವ್ಯತ್ಯಾಸ ಇಲ್ಲವೆಂದಲ್ಲ. ಇದೆ, ಅಳೆಯಲೂ ಬರುತ್ತದೆ. ಆದರೆ ಪಕ್ಕದ ಮನೆಯವನಿಗೂ ನನಗೂ ಇರುವ ಅಂತರದ ಮೇಲೆ ಸವರಿದ ತೆಳು ಪದರ ಅದು.

ಇನ್ನು ಭಾಷೆ. ವನುವಾಟುವಿನ ತೆಔಮ ಎಂಬಲ್ಲಿ ಸುಮಾರು ಮೂರು ಸಾವಿರ ವರ್ಷ ಹಳೆಯ ಸ್ಮಶಾನವೊಂದು ಸಿಕ್ಕಿತು. ಆ ದ್ವೀಪಗಳಿಗೆ ಮೊದಲು ಕಾಲಿಟ್ಟವರ ಸ್ಮಶಾನ ಅದು. 2016ರಲ್ಲಿ ಅಲ್ಲಿಯ ಎಲುಬುಗಳ ಡಿಎನ್ಎ ಓದಿದಾಗ ಅವರ ಮೂಲ ತೈವಾನ್, ಫಿಲಿಪೀನ್ಸ್ ಕಡೆಯದು ಎಂದು ತಿಳಿಯಿತು. ಇಂದಿನ ವನುವಾಟು ಜನರ ವಂಶಮೂಲದ ಬಹುಪಾಲು ಪಪುವಾ ಕಡೆಯದು, ಆ ಜನ ಬಂದದ್ದು ಆಮೇಲೆ. ಆದರೆ ಅವರು ಆಡುವ ನೂರಕ್ಕೂ ಹೆಚ್ಚು ಭಾಷೆಗಳು ಮೊದಲು ಬಂದವರ ಭಾಷಾಕುಟುಂಬಕ್ಕೇ ಸೇರಿದವು. ಅಂದರೆ ರಕ್ತ ಬಹುಪಾಲು ಬದಲಾಯಿತು, ನುಡಿ ಉಳಿಯಿತು. ಈಗ ಅಲ್ಲಿಯ ಒಬ್ಬ ಹೆಂಗಸು ತನ್ನ ಪೂರ್ವಜರು ಯಾರು ಎಂದು ಕೇಳಿದರೆ ಏನು ಹೇಳಬೇಕು? ಮಾತು ಕೊಟ್ಟವರೋ, ಮೈ ಕೊಟ್ಟವರೋ? ಇಬ್ಬರೂ ಎನ್ನುವುದೇ ಸರಿಯಾದ ಉತ್ತರ. ಆ ಉತ್ತರ ಯಾವ ಪರೀಕ್ಷೆಯ ವರದಿಯಲ್ಲೂ ಅಚ್ಚಾಗಿ ಬರುವುದಿಲ್ಲ.

ಇಲ್ಲಿಯವರೆಗೆ ವಿಷಯ ಹಗುರವಾಗಿಯೇ ಇದೆ. ಯಾರು ಯಾರಿಗೆ ಸೇರಿದವರು ಎಂದು ತೀರ್ಪು ಕೊಡಬೇಕಾದಾಗ ಅದು ಭಾರವಾಗುತ್ತದೆ. ಎರಡು ಉದಾಹರಣೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡೋಣ.

ಮೊದಲನೆಯದು ಟಾಸ್ಮೇನಿಯ. 1876ರಲ್ಲಿ ಟ್ರುಗನಿನಿ ಎಂಬ ಹೆಂಗಸು ತೀರಿಕೊಂಡಾಗ ಟಾಸ್ಮೇನಿಯದ ಮೂಲನಿವಾಸಿಗಳು ಮುಗಿದುಹೋದರು ಎಂದು ವಸಾಹತಿನವರು ಘೋಷಿಸಿದರು. ತನ್ನ ದೇಹವನ್ನು ಕತ್ತರಿಸಿ ಪರೀಕ್ಷೆಗೆ ಇಡುತ್ತಾರೆ ಎಂಬ ಭಯ ಅವಳಿಗೆ ಬದುಕಿದ್ದಾಗಲೇ ಇತ್ತು. ಭಯ ನಿಜವಾಯಿತು. ಹೂತಿದ್ದ ಎಲುಬುಗಳನ್ನು ಅಗೆದು ತೆಗೆದು, ಮುಂದೆ ಹೋಬಾರ್ಟಿನ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. 1947ರವರೆಗೂ ಜನ ಅದನ್ನು ನೋಡಿದರು. ಅವಳ ಚಿತೆ ಉರಿದದ್ದು, ಬೂದಿ ಅವಳ ನೀರಿಗೆ ಸೇರಿದ್ದು 1976ರಲ್ಲಿ, ಸತ್ತ ನೂರು ವರ್ಷಕ್ಕೆ. ಇಷ್ಟರ ನಡುವೆ ಫ್ಯಾನಿ ಕೋಕ್ರೇನ್ ಸ್ಮಿತ್ ಎಂಬ ಇನ್ನೊಬ್ಬ ಟಾಸ್ಮೇನಿಯದ ಹೆಂಗಸು 1905ರವರೆಗೆ ಬದುಕಿದ್ದಳು, ಹನ್ನೊಂದು ಮಕ್ಕಳನ್ನು ಹೆತ್ತಿದ್ದಳು, ತನ್ನ ಜನರ ಹಾಡುಗಳನ್ನು ಮೇಣದ ಸಿಲಿಂಡರಿನಲ್ಲಿ ಧ್ವನಿಮುದ್ರಿಸಲು ಹಾಡಿದ್ದಳು. ಅವಳ ವಂಶದವರು, ಬಾಸ್ ಜಲಸಂಧಿಯ ಸಣ್ಣ ದ್ವೀಪಗಳಲ್ಲಿ ಸೀಲ್ ಬೇಟೆಗಾರರ ಜೊತೆ ಬದುಕಿದ ಹೆಂಗಸರ ವಂಶದವರು ಇಂದಿಗೂ ಇದ್ದಾರೆ, ಸಾವಿರಾರು ಮಂದಿ. 'ಮುಗಿದರು' ಎಂದು ಹೇಳಿದವರ ತಲೆಯಲ್ಲಿದ್ದದ್ದು 'ಬೆರಕೆಯಿಲ್ಲದ ರಕ್ತ' ಎಂಬ ಅಳತೆಗೋಲು. ಆ ಕೋಲು ಹಿಡಿದವರಿಗೆ ಎದುರು ನಿಂತು ಹಾಡುತ್ತಿದ್ದ ಹೆಂಗಸೂ ಪೂರ್ತಿಯಾಗಿ ಕಾಣಲಿಲ್ಲ.

ಎರಡನೆಯದು ಕೆರಿಬಿಯನ್. ಕೊಲಂಬಸನನ್ನು ಮೊದಲು ಎದುರುಗೊಂಡ ತೈನೊ ಜನ ಕೆಲವೇ ದಶಕಗಳಲ್ಲಿ ನಿರ್ನಾಮವಾದರು ಎಂದು ಪಠ್ಯಪುಸ್ತಕಗಳು ಬರೆದವು. ಪೋರ್ಟರಿಕೊದಲ್ಲಿ ಹಲವರು ಮಾತ್ರ ನಮ್ಮ ಅಜ್ಜಿಯರು ತೈನೊಗಳು ಎಂದು ಹೇಳಿಕೊಳ್ಳುತ್ತಲೇ ಇದ್ದರು. ಅದನ್ನು ಜನ ಕನಸುಗಾರಿಕೆ ಎಂದು ತಳ್ಳಿಹಾಕುತ್ತಿದ್ದರು. ಪೋರ್ಟರಿಕೊ ಜನರ ತಾಯಿಯ ಕಡೆಯ ವಂಶರೇಖೆಗಳನ್ನು ಪರೀಕ್ಷಿಸಿದಾಗ ನೂರಕ್ಕೆ ಅರವತ್ತರಷ್ಟು ಮೂಲನಿವಾಸಿಗಳದ್ದೇ ಎಂದು ಕಂಡಿತು. 2018ರಲ್ಲಿ ಬಹಾಮಾಸಿನ ಗುಹೆಯೊಂದರಲ್ಲಿ ಸಿಕ್ಕ, ಸಾವಿರ ವರ್ಷ ಹಿಂದಿನ ಹೆಂಗಸಿನ ಹಲ್ಲಿನಿಂದ ಪೂರ್ತಿ ಜೀನೋಮ್ ಓದಿದಾಗ ಇಂದಿನ ಪೋರ್ಟರಿಕೊ ಜನರೊಂದಿಗೆ ಅವಳ ಸಂಬಂಧ ಸ್ಪಷ್ಟವಾಯಿತು. ಅಜ್ಜಿಯರ ಮಾತು ನಿಜವಾಗಿತ್ತು.

ಒಂದು ಕಡೆ ರಕ್ತದ ಲೆಕ್ಕ ಬದುಕಿದ್ದವರನ್ನು ಸತ್ತವರೆಂದಿತು. ಇನ್ನೊಂದು ಕಡೆ ಸತ್ತವರೆಂದು ಬರೆದಿಟ್ಟವರನ್ನು ಬದುಕಿದ್ದಾರೆ ಎಂದಿತು. ಹಾಗಾದರೆ ಅದನ್ನು ನಂಬಬೇಕೋ ಬಿಡಬೇಕೋ? ವಂಶವಾಹಿಯನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಬಹುದು, ನ್ಯಾಯಪೀಠದ ಮೇಲೆ ಕೂರಿಸಬಾರದು ಎಂದು ನನಗನ್ನಿಸುತ್ತದೆ. ಸಾಕ್ಷಿ ತಾನು ಕಂಡದ್ದನ್ನು ಹೇಳುತ್ತದೆ: ಇಂಥ ತಾಯಿಗೆ ಇಂಥ ಮಗಳು ಹುಟ್ಟಿದಳು, ಇಂಥ ಕಡೆಯಿಂದ ಇಂಥ ಕಾಲಕ್ಕೆ ಜನ ಬಂದರು. ಯಾರು ತೈನೊ, ಯಾರು ಟಾಸ್ಮೇನಿಯದ ಮಗಳು ಎಂಬುದು ಬೇರೆ ಬಗೆಯ ಪ್ರಶ್ನೆ. ಆಸ್ಟ್ರೇಲಿಯದಲ್ಲಿ ಮೂಲನಿವಾಸಿ ಯಾರು ಎಂದು ನಿರ್ಧರಿಸಲು ಮೂರು ಸಂಗತಿಗಳನ್ನು ನೋಡುವ ರೂಢಿಯಿದೆ: ವಂಶ, ತಾನು ಹಾಗೆಂದು ಒಪ್ಪಿಕೊಂಡಿರುವುದು, ಆ ಸಮುದಾಯ ತನ್ನವಳೆಂದು ಒಪ್ಪಿರುವುದು. ಮೂರರಲ್ಲಿ ಮೊದಲನೆಯದಕ್ಕೆ ಮಾತ್ರ ಡಿಎನ್ಎ ಏನಾದರೂ ಹೇಳಬಹುದು, ಅದೂ ಅರ್ಧಂಬರ್ಧ. ಹಿಂದಕ್ಕೆ ಹೋದಷ್ಟೂ ಪೂರ್ವಜರ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತು ತಲೆಮಾರಿಗೆ ಸಾವಿರ ದಾಟುತ್ತದೆ. ಅವರಲ್ಲಿ ಅನೇಕರ ಡಿಎನ್ಎಯ ಒಂದು ಚೂರೂ ನಮ್ಮ ಮೈಯಲ್ಲಿ ಉಳಿದಿರುವುದಿಲ್ಲ. ವರದಿಯಲ್ಲಿ ಕಾಣದ ಅಜ್ಜಿಯೂ ಅಜ್ಜಿಯೇ. ಜೊತೆಗೆ ಇನ್ನೊಂದು ಅನ್ಯಾಯವಿದೆ. ಮನೆ, ಭಾಷೆ, ದಾಖಲೆಗಳನ್ನೆಲ್ಲ ಕಳೆದುಕೊಂಡವರಿಗೆ ಈಗ ನಿಮ್ಮ ರಕ್ತದಿಂದ ರುಜುವಾತು ಕೊಡಿ ಎನ್ನುವುದು, ಮನೆ ಸುಟ್ಟವನೇ ಪಟ್ಟಾ ಕೇಳಿದಂತೆ.

ಮತ್ತೆ ಅಂಡಮಾನಿಗೆ ಬರೋಣ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಓಂಗೆ ಮತ್ತು ಗ್ರೇಟ್ ಅಂಡಮಾನಿಗಳ ತಾಯಿವಂಶದ ರೇಖೆಗಳು ಆಫ್ರಿಕಾದಿಂದ ಹೊರಟ ಮೊದಲ ವಲಸೆಯಷ್ಟು ಹಳೆಯವು ಎಂದಿತು. ಮುಂದೆ ಆ ರೇಖೆಯೊಂದರ ಹತ್ತಿರದ ನೆಂಟರು ಭಾರತದ ಪೂರ್ವಭಾಗದಲ್ಲೂ ಸಿಕ್ಕಿದ್ದರಿಂದ ಅವರು ದ್ವೀಪಕ್ಕೆ ಬಂದದ್ದು ಯಾವಾಗ ಎಂಬ ಚರ್ಚೆ ಮುಂದುವರಿಯಿತು. 2009ರಲ್ಲಿ ಇನ್ನೊಂದು ಅಧ್ಯಯನ ನಮ್ಮೆಲ್ಲರನ್ನೂ ಇದರೊಳಗೆ ಎಳೆದುಕೊಂಡಿತು. ಇಂದಿನ ಭಾರತದ ಬಹುತೇಕ ಎಲ್ಲ ಗುಂಪುಗಳೂ ಎರಡು ಪ್ರಾಚೀನ ಮೂಲಗಳ ಬೆರಕೆ, ಅವುಗಳಲ್ಲಿ ಒಂದರ ದೂರದ ನೆಂಟರು ಓಂಗೆಗಳು ಎಂದು ಅದು ತೋರಿಸಿತು. ಕನ್ನಡ ಮಾತಾಡುವ ಯಾರೇ ಆಗಲಿ, ಯಾವ ಜಾತಿಯವರೇ ಆಗಲಿ, ಈ ಬೆರಕೆಯಿಂದ ಹೊರಗಿಲ್ಲ. ಆ ಹಳೆಯ ಬೆರಕೆಯನ್ನು ಬಿಡಿಸಿ ನೋಡಲು ವಿಜ್ಞಾನಕ್ಕೆ ಒಂದು ಅಳತೆಗಲ್ಲು ಬೇಕಿತ್ತು. ಆ ಅಳತೆಗಲ್ಲಾಗಿ ನಿಂತವರು ಲಿಟಲ್ ಅಂಡಮಾನಿನ ಓಂಗೆಗಳು. 2011ರ ಜನಗಣತಿಯಲ್ಲಿ ಅವರು 101 ಮಂದಿ.

ಇಂಥ ಸುದ್ದಿ ಬಂದಾಗಲೆಲ್ಲ ಪತ್ರಿಕೆಗಳು ಅವರನ್ನು 'ಜೀವಂತ ಪಳೆಯುಳಿಕೆ' ಎನ್ನುತ್ತವೆ. ಮೆಚ್ಚುಗೆಯ ದನಿಯಲ್ಲಿ ಹೇಳಿದರೂ ಅದು ಸುಳ್ಳು. ಗಡಿಯಾರ ಎಲ್ಲರಿಗೂ ಒಂದೇ ವೇಗದಲ್ಲಿ ಓಡಿದೆ. ನಮ್ಮಿಬ್ಬರಿಗೂ ಸಮಾನರಾದ ಪೂರ್ವಜರಿಂದ ನಾನು ಎಷ್ಟು ದೂರ ಬಂದಿದ್ದೇನೋ ಓಂಗೆ ಹುಡುಗನೂ ಅಷ್ಟೇ ದೂರ ಬಂದಿದ್ದಾನೆ. ಅವನು ನನ್ನ ಹಿಂದಿನ ಕಾಲದವನಲ್ಲ, ನನ್ನ ಓರಗೆಯವನು. ಈ ಮಾತಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವೂ ಇದೆ. 'ಅವರನ್ನು ಉಳಿಸಬೇಕು, ಏಕೆಂದರೆ ಅವರು ಮನುಕುಲದ ತಳಿಭಂಡಾರ' ಎನ್ನುವುದು ಕೇಳಲು ಒಳ್ಳೆಯ ವಾದ. ಆದರೆ ಭಂಡಾರದ ನಕಲು ತೆಗೆದಾದ ಮೇಲೆ? ಜೀನೋಮ್ ಓದಿ ಕಂಪ್ಯೂಟರಿನಲ್ಲಿ ಇಟ್ಟಾಗಿದೆ, ಇನ್ನು ಮನುಷ್ಯರು ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಆ ವಾದಕ್ಕೆ ಉತ್ತರವಿಲ್ಲ. 2010ರ ಜನವರಿಯಲ್ಲಿ ಬೋವಾ ಎಂಬ ಅಜ್ಜಿ ಪೋರ್ಟ್ ಬ್ಲೇರಿನಲ್ಲಿ ತೀರಿಕೊಂಡರು. ಬೋ ಎಂಬ ಭಾಷೆಯನ್ನು ಬಲ್ಲ ಕೊನೆಯ ವ್ಯಕ್ತಿ ಅವರು. ಭಾಷಾಶಾಸ್ತ್ರಜ್ಞೆ ಅನ್ವಿತಾ ಅಬ್ಬಿ ಅವರ ಮಾತುಗಳನ್ನು ದಾಖಲಿಸಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಆ ಅಜ್ಜಿಯ ಜೊತೆ ಆ ನುಡಿಯಲ್ಲಿ ಹರಟಲು ಯಾರೂ ಉಳಿದಿರಲಿಲ್ಲ. ದಾಖಲೆ ಇರುವುದಕ್ಕೂ ಜನ ಇರುವುದಕ್ಕೂ ನಡುವಿನ ವ್ಯತ್ಯಾಸ ಅಷ್ಟು. ಯಾರ ಬೆಲೆಯನ್ನೂ ಅವರು ನಮಗೆ ಕೊಡುವ ಮಾಹಿತಿಯ ಮೇಲೆ ಕಟ್ಟಬಾರದು.

ಈಗ ಒಪ್ಪಿಗೆಯ ಪ್ರಶ್ನೆ. ಬಡ, ಅಕ್ಷರವಿಲ್ಲದ ಜನರ ನಡುವೆ ಮಾತ್ರ ಇದು ತೊಡಕು ಎಂದುಕೊಂಡವರು ಐಸ್‌ಲ್ಯಾಂಡಿನ ಕಥೆ ಕೇಳಬೇಕು. ಸುಶಿಕ್ಷಿತ, ಶ್ರೀಮಂತ ದ್ವೀಪ. ಜನಸಂಖ್ಯೆ ಆಗ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಅಲ್ಲಿಯ ಸಂಸತ್ತು 1998ರ ಡಿಸೆಂಬರಿನಲ್ಲಿ ಇಡೀ ದೇಶದ ಆರೋಗ್ಯ ದಾಖಲೆಗಳನ್ನು ಒಂದೇ ಕಡೆ ಸೇರಿಸುವ ಕಾನೂನು ಮಾಡಿತು. ಅದನ್ನು ನಡೆಸುವ ಪರವಾನಗಿ ಡಿಕೋಡ್ ಎಂಬ ಖಾಸಗಿ ಕಂಪನಿಗೆ ಸಿಕ್ಕಿತು. ಬೇಡ ಎಂದು ಬರೆದುಕೊಡದವರೆಲ್ಲ ಒಪ್ಪಿದಂತೆ ಎಂಬುದು ನಿಯಮ. ಸುಮಾರು ಇಪ್ಪತ್ತು ಸಾವಿರ ಮಂದಿ ಬೇಡ ಎಂದು ಬರೆದುಕೊಟ್ಟರು. ಒಬ್ಬ ಹುಡುಗಿ ತೀರಿಕೊಂಡ ತನ್ನ ತಂದೆಯ ದಾಖಲೆಗಳನ್ನೂ ಸೇರಿಸಕೂಡದು ಎಂದು ಕೋರ್ಟಿಗೆ ಹೋದಳು. ತಂದೆಯ ಮಾಹಿತಿಯಿಂದ ತನ್ನ ಬಗ್ಗೆಯೂ ತಿಳಿಯುತ್ತದೆ ಎಂಬುದು ಅವಳ ವಾದ. 2003ರಲ್ಲಿ ಸುಪ್ರೀಂ ಕೋರ್ಟ್ ಅವಳ ಮಾತನ್ನು ಎತ್ತಿಹಿಡಿಯಿತು. ಆ ದತ್ತಾಂಶ ಭಂಡಾರ ಕೊನೆಗೂ ಕಟ್ಟಲ್ಪಡಲಿಲ್ಲ.

ಆದರೆ ಕಂಪನಿ ಸ್ವಇಚ್ಛೆಯಿಂದ ಮುಂದೆ ಬಂದವರ ರಕ್ತವನ್ನು ಸಂಗ್ರಹಿಸುತ್ತಾ ಹೋಯಿತು. ದೇಶದ ವಂಶಾವಳಿಯೂ ಅದರ ಕೈಯಲ್ಲಿತ್ತು. ಕೊನೆಗೆ, ರಕ್ತವನ್ನೇ ಕೊಡದವರ ವಂಶವಾಹಿಯನ್ನೂ ಅವರ ನೆಂಟರ ಮಾಹಿತಿಯಿಂದ ಲೆಕ್ಕಹಾಕಿ ಹೇಳುವಷ್ಟು ಅದು ಬೆಳೆಯಿತು. ಐಸ್‌ಲ್ಯಾಂಡಿನಲ್ಲಿ ಸ್ತನ ಕ್ಯಾನ್ಸರಿನ ಅಪಾಯವನ್ನು ಬಹಳ ಹೆಚ್ಚಿಸುವ ಒಂದು ವಂಶವಾಹಿ ಬದಲಾವಣೆ ಇದೆ. ಅದು ಯಾರ ಮೈಯಲ್ಲಿದೆ ಎಂದು ಕಂಪನಿ ಪತ್ತೆಹಚ್ಚಬಲ್ಲದಾಗಿತ್ತು. ಆ ಹೆಂಗಸರಿಗೇ ಗೊತ್ತಿರಲಿಲ್ಲ. ಹೇಳಿಬಿಡಬೇಕೇ? ಹೇಳಿದರೆ ಜೀವ ಉಳಿಯಬಹುದು. ಆದರೆ ತಿಳಿಯದೆ ಇರುವ ಹಕ್ಕು? ಕೊನೆಗೆ 2018ರಲ್ಲಿ, ತಾವಾಗಿ ಕೇಳಿದವರಿಗೆ ಮಾತ್ರ ತಿಳಿಸುವ ಏರ್ಪಾಡು ಬಂತು. ಇದು ಸರಿಯೋ ತಪ್ಪೋ ಎಂದು ತೂಗುತ್ತಾ ಕೂತರೆ ಎರಡು ತಟ್ಟೆಯೂ ಭಾರ.

ನಮ್ಮ ಕಡೆಯ ಮನೆಗಳಲ್ಲಿ ಪಾಲಾಗದ ಜಮೀನು ಎಂದರೆ ಎಲ್ಲರಿಗೂ ಗೊತ್ತು. ಅಣ್ಣನೊಬ್ಬ ಯಾರನ್ನೂ ಕೇಳದೆ ಪೂರ್ತಿ ಹೊಲವನ್ನು ಬರೆದುಕೊಟ್ಟರೆ ಉಳಿದವರು ಸುಮ್ಮನಿರುವುದಿಲ್ಲ. ಅವನ ಪಾಲು ಅದರಲ್ಲಿ ಇದೆ, ನಿಜ. ಆದರೆ ಎಲ್ಲಿಂದ ಎಲ್ಲಿಗೆ ಎಂದು ಬದು ಹಾಕಿಲ್ಲ. ವಂಶವಾಹಿ ಅಂಥ ಆಸ್ತಿ, ಎಂದಿಗೂ ಪಾಲಾಗದ ಆಸ್ತಿ. ನನ್ನದು ಎಂದು ಒಂದು ಹನಿ ಕೊಟ್ಟರೆ ಅದರಲ್ಲಿ ತಂಗಿಯ ಅರ್ಧ, ಸೋದರತ್ತೆಯ ಕಾಲು, ಹುಟ್ಟದ ಮಕ್ಕಳದ್ದೂ ಒಂದಷ್ಟು ಹೋಗುತ್ತದೆ. ದೊಡ್ಡ ದೇಶದಲ್ಲಿ ಇದು ಗಮನಕ್ಕೆ ಬರುವುದಿಲ್ಲ, ಕೆಲವೇ ನೂರು ಜನರ ದ್ವೀಪದಲ್ಲಿ ಹತ್ತು ಜನರ ರಕ್ತ ಎಲ್ಲರ ಗುಟ್ಟನ್ನೂ ಹೇಳುತ್ತದೆ. ಇದನ್ನು ಟೋಂಗ ದೇಶದವರು ನಮಗಿಂತ ಮೊದಲೇ ಸ್ಪಷ್ಟವಾಗಿ ಹೇಳಿದ್ದರು. 2000ದ ನವೆಂಬರಿನಲ್ಲಿ ಆಟೊಜೆನ್ ಎಂಬ ಆಸ್ಟ್ರೇಲಿಯದ ಕಂಪನಿ ಅಲ್ಲಿಯ ಆರೋಗ್ಯ ಸಚಿವಾಲಯದೊಂದಿಗೆ ಒಪ್ಪಂದವಾಗಿದೆ, ಜನರ ವಂಶವಾಹಿಗಳನ್ನು ಅಧ್ಯಯನ ಮಾಡುತ್ತೇವೆ ಎಂದು ಪ್ರಕಟಿಸಿತು. ಪ್ರತಿಯೊಬ್ಬರಿಂದ ಒಪ್ಪಿಗೆ ಪಡೆಯುತ್ತೇವೆ ಎಂದೂ ಹೇಳಿತು. ಚರ್ಚುಗಳೂ ಅಲ್ಲಿಯ ಮಾನವ ಹಕ್ಕು ಚಳವಳಿಯೂ ವಿರೋಧಿಸಿದವು. ಒಬ್ಬೊಬ್ಬರ ಸಹಿ ಸಾಲದು, ಕಾಯಿಂಗ ಎಂದು ಕರೆಯುವ ವಿಸ್ತಾರ ಕುಟುಂಬಕ್ಕೂ ಇದರಲ್ಲಿ ಮಾತಿದೆ ಎಂಬುದು ಅವರ ಆಕ್ಷೇಪದ ತಿರುಳಾಗಿತ್ತು. ಯೋಜನೆ ಅಲ್ಲಿಗೇ ನಿಂತಿತು.

ಇದಕ್ಕೆ ಎದುರಾಗಿ ಗಟ್ಟಿಯಾದ ವಾದವೊಂದಿದೆ, ಅದನ್ನು ಹಗುರವಾಗಿ ಕಾಣಬಾರದು. ಜಗತ್ತಿನ ಜೀನೋಮ್ ಭಂಡಾರಗಳಲ್ಲಿ ತುಂಬಿರುವುದು ಬಹುಪಾಲು ಯುರೋಪಿಯನ್ ಮೂಲದವರ ಮಾಹಿತಿ. ಅದರ ಮೇಲೆ ತಯಾರಾಗುವ ಔಷಧ, ಪರೀಕ್ಷೆಗಳು ಉಳಿದವರಿಗೆ ಅಷ್ಟಾಗಿ ಒಗ್ಗದಿರಬಹುದು. ಎಲ್ಲ ಸಣ್ಣ ಸಮುದಾಯಗಳೂ ಬೇಡ ಎಂದರೆ ನಷ್ಟ ಅವರಿಗೇ. ಸಮೋವದ ಉದಾಹರಣೆ ಇದೆ. 2016ರಲ್ಲಿ ಅಲ್ಲಿಯ ಸುಮಾರು ಮೂರು ಸಾವಿರ ಜನರ ಅಧ್ಯಯನದಿಂದ, ಬೇರೆಡೆ ಬಹಳ ಅಪರೂಪವಾದ ಒಂದು ವಂಶವಾಹಿ ಬದಲಾವಣೆ ಸಿಕ್ಕಿತು. ಅದು ಮೈತೂಕವನ್ನು ಹೆಚ್ಚಿಸುತ್ತದೆ, ಆದರೆ ಸಕ್ಕರೆ ಕಾಯಿಲೆಯ ಅಪಾಯವನ್ನು ಕಡಿಮೆ ಮಾಡುತ್ತದೆ. ಯುರೋಪಿನ ಲಕ್ಷಾಂತರ ಜನರನ್ನು ಪರೀಕ್ಷಿಸಿದರೂ ಇದು ಸಿಗುತ್ತಿರಲಿಲ್ಲ. ಹಾಗೆಯೇ ಇದನ್ನು ಓದಿ 'ನೋಡಿ, ದಪ್ಪವಾಗುವುದು ಅವರ ಹುಟ್ಟುಗುಣ' ಎಂದು ಕೈತೊಳೆದುಕೊಳ್ಳುವವರೂ ಇರುತ್ತಾರೆ. ಆಮದಾದ ಡಬ್ಬಿ ಮಾಂಸ, ಸಕ್ಕರೆ ನೀರು ಬರುವ ಮೊದಲೂ ಅದೇ ವಂಶವಾಹಿ ಅವರ ಮೈಯಲ್ಲಿತ್ತಲ್ಲ ಎಂದು ಆಗ ನೆನಪಿಸಬೇಕಾಗುತ್ತದೆ.

ಆದ್ದರಿಂದ ನನ್ನ ಆಕ್ಷೇಪ ತಿಳಿಯುವುದರ ಬಗ್ಗೆ ಅಲ್ಲ, ಕೇಳದೆ ತಿಳಿಯುವುದರ ಬಗ್ಗೆ. ಕೇಳಿ ತಿಳಿಯಲು ಸಾಧ್ಯ ಎಂಬುದಕ್ಕೆ ರಾಪನೂಯಿ, ಅಂದರೆ ಈಸ್ಟರ್ ದ್ವೀಪ, ಉದಾಹರಣೆ. ಅಲ್ಲಿಯ ಜನ ಮರಗಳನ್ನೆಲ್ಲ ಕಡಿದು ತಾವೇ ತಮ್ಮನ್ನು ನಾಶಮಾಡಿಕೊಂಡರು ಎಂಬ ಕಥೆ ಜಗತ್ತಿನಾದ್ಯಂತ ನೀತಿಪಾಠವಾಗಿತ್ತು. ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿದ್ದ ಹದಿನೈದು ಮಂದಿಯ ಅವಶೇಷಗಳ ಡಿಎನ್ಎ ಅಧ್ಯಯನ 2024ರಲ್ಲಿ ಬಂತು. ಅಂಥ ಕುಸಿತದ ಗುರುತು ಅದರಲ್ಲಿ ಇರಲಿಲ್ಲ. ಜನಸಂಖ್ಯೆ ಮೆಲ್ಲಗೆ ಏರುತ್ತಲೇ ಬಂದು 1860ರ ದಶಕದಲ್ಲಿ ಕುಸಿದಿತ್ತು. ಆಗ ಪೆರುವಿನ ಗುಲಾಮ ವ್ಯಾಪಾರಿಗಳು ದ್ವೀಪದ ಜನರನ್ನು ಹೊತ್ತೊಯ್ದಿದ್ದರು. ಈ ಅಧ್ಯಯನದ ವಿಜ್ಞಾನಿಗಳು ದ್ವೀಪಕ್ಕೆ ಹೋಗಿ ಅಲ್ಲಿಯವರೊಂದಿಗೆ ಕೂತು ಮಾತಾಡಿದ್ದರು. ಆ ಅವಶೇಷಗಳು ತಮ್ಮವರದೇ ಎಂಬುದು ಗಟ್ಟಿಯಾದದ್ದರಿಂದ ಅವನ್ನು ಮನೆಗೆ ತರುವ ಬೇಡಿಕೆಗೂ ಬಲ ಬಂತು. ಸಾಕ್ಷಿ ಇಲ್ಲಿ ತನ್ನವರ ಪರವಾಗಿ ನುಡಿಯಿತು, ಏಕೆಂದರೆ ಏನು ಕೇಳಬೇಕು ಎಂಬುದರಲ್ಲಿ ಅವರಿಗೂ ಪಾಲಿತ್ತು.

ಕೇಳುವುದೆಂದರೆ ಬೇಡ ಎಂಬ ಉತ್ತರಕ್ಕೂ ಸಿದ್ಧವಾಗಿರುವುದು. ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದವರು ಆ ಉತ್ತರವನ್ನು ಬಹಳ ಕಾಲದಿಂದ ಕೊಡುತ್ತಿದ್ದಾರೆ. 1880ರಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಅಲ್ಲಿಂದ ಒಂದು ಮುದಿ ದಂಪತಿಯನ್ನೂ ನಾಲ್ಕು ಮಕ್ಕಳನ್ನೂ ಪೋರ್ಟ್ ಬ್ಲೇರಿಗೆ ಹಿಡಿದು ತಂದ. ಎಲ್ಲರೂ ಕಾಯಿಲೆ ಬಿದ್ದರು, ದಂಪತಿ ಸತ್ತರು. ಮಕ್ಕಳನ್ನು ಕೆಲವು ಉಡುಗೊರೆಗಳೊಂದಿಗೆ ವಾಪಸು ಬಿಟ್ಟುಬಂದರು. 2004ರ ಸುನಾಮಿಯ ನಂತರ ಅವರು ಬದುಕಿದ್ದಾರೆಯೇ ಎಂದು ನೋಡಲು ಹೋದ ಹೆಲಿಕಾಪ್ಟರಿನತ್ತ ಒಬ್ಬಾತ ಬಿಲ್ಲು ಎತ್ತಿದ. 2011ರ ಜನಗಣತಿಯವರು ದೂರದಿಂದಲೇ ನೋಡಿ ಹದಿನೈದು ಎಂದು ಬರೆದುಕೊಂಡರು. ಮನುಕುಲದ ತಳಿನಕಾಶೆಯಲ್ಲಿ ಅವರ ಜಾಗ ಖಾಲಿ. ಅಲ್ಲಿ ತುಂಬಬಹುದಾದ ಮಾಹಿತಿ ಬಹಳ ಅಮೂಲ್ಯವಾದದ್ದೇ ಇರಬಹುದು. ಆ ನಕಾಶೆಯನ್ನು ಬಿಡಿಸುವವರು ಆ ಒಂದು ಚುಕ್ಕೆಯನ್ನು ಖಾಲಿಯಾಗಿಯೇ ಉಳಿಸುವುದನ್ನು ಸೋಲೆಂದು ಎಣಿಸಬೇಕಾಗಿಲ್ಲ. ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಬಂದಾಗಿದೆ.